ಅರವತ್ತೈದು ದಾಟಿದವರ ಊಟದಲ್ಲಿ ಪ್ರೋಟೀನ್ ಹೆಚ್ಚಬೇಕೇ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಲೆಕ್ಕದಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತೈದರ ಅಜ್ಜನಿಗೂ ಅಳತೆ ಒಂದೇ. ಆದರೆ 2013ರಲ್ಲಿ ಪ್ರಾಟ್-ಏಜ್ ಹೆಸರಿನ ಅಂತರರಾಷ್ಟ್ರೀಯ ತಜ್ಞರ ಗುಂಪು, 65 ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಕಾಯಿಲೆ ಇದ್ದರೆ 1.5ರವರೆಗೂ ಬೇಕಾಗಬಹುದು ಎಂದು ಹೇಳಿತು. ಇದಕ್ಕೆ ತದ್ವಿರುದ್ಧವಾಗಿ, ಜೀವಕೋಶಗಳು ಮುಪ್ಪಾಗುವ ಬಗೆಯನ್ನು ಅಧ್ಯಯನ ಮಾಡುವ ಕೆಲವು ವಿಜ್ಞಾನಿಗಳು ಪ್ರೋಟೀನ್ ತಗ್ಗಿಸಿದರೆ ಆಯುಷ್ಯ ಹೆಚ್ಚುತ್ತದೆ ಎನ್ನುತ್ತಾರೆ. ನನ್ನ ನಿಲುವು ಹೆಚ್ಚಿಸಬೇಕು ಎನ್ನುವವರ ಕಡೆಗಿದೆ. ಹಾಗೆಂದು ಎದುರು ಪಕ್ಷದ ವಾದ ಸತ್ವವಿಲ್ಲದ್ದಲ್ಲ. ಅದನ್ನು ಅದರ ಪೂರ್ತಿ ಬಲದೊಂದಿಗೆ ಎದುರಿಸಿದರೆ ಮಾತ್ರ ಈ ನಿಲುವಿಗೆ ಬೆಲೆ.

ಪರ

ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಅದಕ್ಕೂ ಮೊದಲು ಇದನ್ನು ವಯೋಸಹಜ ನಿತ್ರಾಣ ಎಂದು ಬಿಟ್ಟುಬಿಡುತ್ತಿದ್ದರು, ನಮ್ಮ ಮನೆಗಳಲ್ಲಿ ಈಗಲೂ ಬಿಟ್ಟುಬಿಡುತ್ತೇವೆ. ಆದರೆ ಒಳಗೆ ನಡೆಯುವುದು ಬರೀ ಸವಕಳಿಯಲ್ಲ. ಸ್ನಾಯುವಿನ ಪ್ರೋಟೀನ್ ದಿನವೂ ಒಡೆಯುತ್ತದೆ, ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಊಟದಲ್ಲಿ ಬಂದ ಅಮೈನೋ ಆಮ್ಲಗಳು, ಅದರಲ್ಲೂ ಲ್ಯೂಸಿನ್, ರಕ್ತದಲ್ಲಿ ಏರಿದಾಗ ಕಟ್ಟುವ ಕೆಲಸ ಚುರುಕಾಗುತ್ತದೆ. ಮುಪ್ಪಿನ ಸ್ನಾಯುಕೋಶ ಈ ಸೂಚನೆಗೆ ಮಂದವಾಗಿ ಸ್ಪಂದಿಸುತ್ತದೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಂತೆ, ಯುವಕರಲ್ಲಿ ಒಂದು ಹೊತ್ತಿಗೆ ದೇಹತೂಕದ ಕಿಲೋಗೆ 0.24 ಗ್ರಾಂ ಪ್ರೋಟೀನ್ ಸಿಕ್ಕರೆ ಸ್ನಾಯು ಕಟ್ಟುವ ವೇಗ ತನ್ನ ಗರಿಷ್ಠ ಮುಟ್ಟುತ್ತದೆ, ವೃದ್ಧರಲ್ಲಿ ಅದೇ ಮಟ್ಟ ಮುಟ್ಟಲು ಸುಮಾರು 0.4 ಗ್ರಾಂ ಬೇಕು. ಹಸಿವು ಕಡಿಮೆಯಾಗುವ ವಯಸ್ಸಿನಲ್ಲೇ ಅಗತ್ಯ ಹೆಚ್ಚುತ್ತದೆ ಎಂದಾಯಿತು. ಇನ್ನು ಹಾಸಿಗೆ ಹಿಡಿದರಂತೂ ನಷ್ಟ ಭಾರಿ. 2007ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಮಲಗಿಸಿದಾಗ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಸೊಂಟದ ಮೂಳೆ ಮುರಿದು ಮಲಗಿದ ಹಿರಿಯರು ಮೂಳೆ ಕೂಡಿದ ಮೇಲೂ ಮೊದಲಿನಂತೆ ಓಡಾಡದೆ ಹೋಗುವುದಕ್ಕೆ ಇದೊಂದು ಮುಖ್ಯ ಕಾರಣ.

ಸ್ನಾಯು ಎಂದರೆ ನಡೆಯುವ, ಎತ್ತುವ ಬಲ ಮಾತ್ರವಲ್ಲ. ದೇಹಕ್ಕೆ ಅಮೈನೋ ಆಮ್ಲಗಳ ಉಗ್ರಾಣವೂ ಅದೇ. ನ್ಯುಮೋನಿಯಾ ಬಂದಾಗ, ಶಸ್ತ್ರಚಿಕಿತ್ಸೆ ಆದಾಗ ರೋಗನಿರೋಧಕ ಕೋಶಗಳು ಬೆಳೆಯಲು, ಪ್ರತಿಕಾಯಗಳು ತಯಾರಾಗಲು, ಗಾಯ ಮಾಯಲು ಬೇಕಾದ ಸಾಮಗ್ರಿಯನ್ನು ದೇಹ ಸ್ನಾಯುವಿನಿಂದಲೇ ತೆಗೆಯುತ್ತದೆ. ಉಗ್ರಾಣ ಮೊದಲೇ ಬರಿದಾಗಿದ್ದವರು ಸಣ್ಣ ಕಾಯಿಲೆಗೂ ಕುಸಿಯುತ್ತಾರೆ. 70ರಿಂದ 79ರ ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೂರು ವರ್ಷ ಗಮನಿಸಿದ ಅಮೆರಿಕದ ‘ಹೆಲ್ತ್ ಎಬಿಸಿ’ ಅಧ್ಯಯನದಲ್ಲಿ, ಅತಿ ಹೆಚ್ಚು ಪ್ರೋಟೀನ್ ತಿನ್ನುತ್ತಿದ್ದವರ ಸ್ನಾಯುನಷ್ಟ ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ ಶೇ 40ರಷ್ಟು ಕಡಿಮೆಯಿತ್ತು. ಇದು ಗಮನಿಸಿ ಕಂಡ ಸಂಬಂಧ, ಕಾರಣವನ್ನು ಸಾಬೀತು ಮಾಡಿದ ಪ್ರಯೋಗವಲ್ಲ. ಆದರೂ ಮೇಲೆ ಹೇಳಿದ ಕೋಶಮಟ್ಟದ ಸಂಗತಿಗಳೊಂದಿಗೆ ಅದು ಸರಿಯಾಗಿ ಹೊಂದುತ್ತದೆ.

ಈಗ ನಮ್ಮ ತಟ್ಟೆಗೆ ಬರೋಣ. 55 ಕಿಲೋ ತೂಕದ, ಎಪ್ಪತ್ತರ ಒಬ್ಬ ಮಹಿಳೆಯ ದಿನದ ಊಟ ಹೀಗಿರಬಹುದು. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ: ಸುಮಾರು 7 ಗ್ರಾಂ ಪ್ರೋಟೀನ್. ಮಧ್ಯಾಹ್ನ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ, ಒಂದಿಷ್ಟು ಅನ್ನ, ತಿಳಿಸಾರು, ಮಜ್ಜಿಗೆ: 16. ಎರಡು ಹೊತ್ತಿನ ಕಾಫಿಯ ಹಾಲು: 4. ರಾತ್ರಿ ‘ಹೊಟ್ಟೆಗೆ ಹಗುರವಾಗಿರಲಿ’ ಎಂದು ಅನ್ನ ಸಾರು: 9. ಒಟ್ಟು 36 ಗ್ರಾಂ ಆಸುಪಾಸು, ಅಂದರೆ ಕಿಲೋಗೆ 0.65. ಆಕೆಗೆ ಈಗಿನ ಅಧಿಕೃತ ಅಳತೆಯಂತೆಯೇ 46 ಗ್ರಾಂ ಬೇಕು. ಅದರಲ್ಲೂ ರಾತ್ರಿಯ ಆ 9 ಗ್ರಾಂ ಕಣ್ಣಿಗೆ ಬೀಳಬೇಕು. ಕಿಲೋಗೆ 0.4ರಂತೆ ಒಂದು ಹೊತ್ತಿಗೆ ಬೇಕಾದ 22 ಗ್ರಾಮಿನ ಅರ್ಧವೂ ಅಲ್ಲಿಲ್ಲ. ಹೊಟ್ಟೆ ತುಂಬಿದ ತೃಪ್ತಿ ಇರುತ್ತದೆ, ಯಾರಿಗೂ ಕೊರತೆ ಎನಿಸುವುದಿಲ್ಲ. ಹಲ್ಲು ಹೋದವರು ಕಾಳು ಬಿಟ್ಟು ಸಾರಿನ ತಿಳಿಯನ್ನಷ್ಟೇ ಬಡಿಸಿಕೊಂಡರೆ, ಒಪ್ಪೊತ್ತು ಇರುವವರು ರಾತ್ರಿಯ ಊಟವನ್ನೇ ಬಿಟ್ಟರೆ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ವಿರೋಧ

ವಿರೋಧದ ಅತಿ ಗಟ್ಟಿ ವಾದ ಹುಟ್ಟುವುದು ಜೀವಕೋಶದ ಒಳಗಿನಿಂದಲೇ. ಅಮೈನೋ ಆಮ್ಲ ಏರಿದಾಗ ಸ್ನಾಯು ಕಟ್ಟುವಂತೆ ಸೂಚಿಸುವ ಎಂಟಾರ್ ಎಂಬ ವ್ಯವಸ್ಥೆ, ಅದೇ ಹೊತ್ತಿಗೆ ಇನ್ನೊಂದು ಕೆಲಸವನ್ನು ತಡೆಹಿಡಿಯುತ್ತದೆ. ಕೋಶ ತನ್ನೊಳಗಿನ ಕೆಟ್ಟ ಪ್ರೋಟೀನುಗಳನ್ನು, ಹಾಳಾದ ಮೈಟೊಕಾಂಡ್ರಿಯಗಳನ್ನು ಕಳಚಿ ಮರುಬಳಕೆ ಮಾಡುವ ಆಟೊಫೇಜಿ ಎಂಬ ಕೆಲಸ ಅದು. ಯೀಸ್ಟ್ ಕೋಶಗಳಲ್ಲಿ ಇದರ ಗುಟ್ಟು ಬಿಡಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಎಂಟಾರ್ ಹೆಸರಿನ ಮೂಲ ಅದನ್ನು ಅಡಗಿಸುವ ರ‍್ಯಾಪಮೈಸಿನ್ ಎಂಬ ಔಷಧ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್. 2009ರಲ್ಲಿ ಈ ಔಷಧವನ್ನು ಆಗಲೇ ಮುಪ್ಪಾಗಿದ್ದ ಇಲಿಗಳಿಗೆ ಕೊಟ್ಟಾಗ ಅವುಗಳ ಆಯುಷ್ಯ ಹೆಚ್ಚಿತು. ಪ್ರೋಟೀನ್ ತಗ್ಗಿಸಿ ಪಿಷ್ಟ ಹೆಚ್ಚಿಸಿದ ಆಹಾರ ತಿಂದ ಇಲಿಗಳೂ ಹೆಚ್ಚು ಬಾಳಿದ್ದು 2014ರ ಅಧ್ಯಯನವೊಂದರಲ್ಲಿ ಕಂಡಿತು. ಎಂಟಾರನ್ನು ಅಡಗಿಸಿದರೆ ಆಯುಷ್ಯ ಬೆಳೆಯುತ್ತದೆ ಎಂದಾದರೆ ಅದನ್ನು ದಿನಕ್ಕೆ ಮೂರು ಸಲ ಎಚ್ಚರಿಸುವಂಥ ಊಟವನ್ನು ಮುದುಕರಿಗೆ ಹೇಳುವುದು ಸರಿಯೇ ಎಂಬುದು ಇವರ ಪ್ರಶ್ನೆ. ವಾಲ್ಟರ್ ಲಾಂಗೊ ಅವರ ತಂಡ 2014ರಲ್ಲಿ ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮಾಹಿತಿ ಜಾಲಾಡಿದಾಗ, 50ರಿಂದ 65ರ ನಡುವಿನವರಲ್ಲಿ ಹೆಚ್ಚು ಪ್ರೋಟೀನ್ ತಿನ್ನುವವರ ಸಾವಿನ ಸಂಭವ ಮುಂದಿನ 18 ವರ್ಷಗಳಲ್ಲಿ ಶೇ 75ರಷ್ಟು ಹೆಚ್ಚಿತ್ತು, ಕ್ಯಾನ್ಸರ್ ಸಾವು ನಾಲ್ಕು ಪಟ್ಟು.

ಎರಡನೆಯ ವಾದ ಪ್ರಯೋಗಗಳದ್ದು. ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ನಡೆದಾಟದ ಬಲ ಕುಗ್ಗಿದ್ದ ಹಿರಿಯ ಗಂಡಸರಿಗೆ ಆರು ತಿಂಗಳು ಅಳೆದ ಊಟ ಕೊಟ್ಟರು, ಕೆಲವರಿಗೆ ಕಿಲೋಗೆ 0.8 ಗ್ರಾಂ ಪ್ರೋಟೀನ್, ಕೆಲವರಿಗೆ 1.3. 2018ರಲ್ಲಿ ಬಂದ ಫಲಿತಾಂಶದಲ್ಲಿ ಸ್ನಾಯುವಿನ ತೂಕವಾಗಲಿ ಬಲವಾಗಲಿ ಎರಡನೆಯ ಗುಂಪಿನಲ್ಲಿ ಹೆಚ್ಚಿರಲಿಲ್ಲ. ಅದಕ್ಕೂ ಹಿಂದೆ, 1994ರಲ್ಲಿ, ಮಾರಿಯಾ ಫಿಯಾಟರೋನ್ ಅವರು ಬಾಸ್ಟನ್ನಿನ ವೃದ್ಧಾಶ್ರಮವೊಂದರ ನೂರು ಮಂದಿಯ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ಅವರ ಸರಾಸರಿ ವಯಸ್ಸು 87. ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ಇಮ್ಮಡಿಗೂ ಮೀರಿ ಏರಿತು, ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಿಗೆ ಏನೂ ದಕ್ಕಲಿಲ್ಲ. ಇದರ ಜೊತೆಗೆ ಕಿಡ್ನಿಯ ಭಯವಿದೆ. ಸಕ್ಕರೆ ಕಾಯಿಲೆ, ಬಿಪಿ ಮನೆಮನೆಯಲ್ಲಿರುವ ನಾಡಿನಲ್ಲಿ, ತಮ್ಮ ಕಿಡ್ನಿ ಕುಂದಿದೆ ಎಂದೇ ತಿಳಿಯದ ಹಿರಿಯರು ಎಷ್ಟೋ ಮಂದಿ. ಅವರಿಗೆ ಹೆಚ್ಚು ಪ್ರೋಟೀನ್ ಹೇಳಿದರೆ ಅಪಾಯ ತಂದುಕೊಟ್ಟಂತೆ. ಕೊನೆಗೆ, ‘ಹೆಚ್ಚು ಪ್ರೋಟೀನ್’ ಎಂಬ ಮಾತು ಜನರ ಕಿವಿಗೆ ತಲಪುವ ಹೊತ್ತಿಗೆ ಡಬ್ಬಿಯಲ್ಲಿ ಬರುವ ಪುಡಿಯಾಗಿರುತ್ತದೆ. ಮೈಕಟ್ಟಿಗೆಂದು ಇಂಥ ಪುಡಿ ಸೇವಿಸುವುದು ಬೇಡವೆಂದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೇ ಹೇಳಿದೆ.

ವಿರೋಧಕ್ಕೆ ಉತ್ತರ

ಲಾಂಗೊ ತಂಡದ ಅಧ್ಯಯನದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರ ಅರ್ಧವನ್ನಷ್ಟೇ ಉಲ್ಲೇಖಿಸುವುದು ರೂಢಿಯಾಗಿದೆ. ಅದೇ ಅಧ್ಯಯನದಲ್ಲಿ 65 ದಾಟಿದವರ ಅಂಕಿಗಳು ತಲೆಕೆಳಗಾಗುತ್ತವೆ. ಹೆಚ್ಚು ಪ್ರೋಟೀನ್ ತಿನ್ನುವ ಹಿರಿಯರಲ್ಲಿ ಒಟ್ಟು ಸಾವೂ ಕಡಿಮೆ, ಕ್ಯಾನ್ಸರ್ ಸಾವೂ ಕಡಿಮೆ. ಬೆಳವಣಿಗೆಗೆ ಪ್ರಚೋದಿಸುವ ಐಜಿಎಫ್-1 ಎಂಬ ಹಾರ್ಮೋನು ಆ ವಯಸ್ಸಿಗೆ ತಾನಾಗಿಯೇ ಇಳಿದಿರುತ್ತದೆ, ಆಗ ಕಾಡುವುದು ಮಿತಿಮೀರಿದ ಬೆಳವಣಿಗೆಯಲ್ಲ, ದೇಹದ ಸವೆತ. ಇನ್ನೂ ಒಂದು ಮಾತು: ಐವತ್ತು-ಅರವತ್ತೈದರ ಗುಂಪಿನಲ್ಲೂ ಪ್ರೋಟೀನ್ ಸಸ್ಯಮೂಲದ್ದಾದಾಗ ಆ ಅಪಾಯ ತಗ್ಗಿತ್ತು, ಕೆಲವೆಡೆ ಇಲ್ಲವೇ ಆಗಿತ್ತು. ಇಲಿಗಳ ಫಲಿತಾಂಶಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಪ್ರಯೋಗಾಲಯದ ಪಂಜರದಲ್ಲಿರುವ ಇಲಿ ಬಚ್ಚಲಲ್ಲಿ ಜಾರಿ ಬೀಳುವುದಿಲ್ಲ, ಬಿದ್ದು ತಿಂಗಳುಗಟ್ಟಲೆ ಮಲಗುವುದಿಲ್ಲ. ಮನುಷ್ಯರ ಮುಪ್ಪಿನಲ್ಲಿ ಆಯುಷ್ಯ ಮೊಟಕಾಗುವ ದಾರಿಗಳಲ್ಲಿ ಇದೂ ಒಂದು. ಮೇಲಾಗಿ ಊಟದಿಂದ ಎಚ್ಚರವಾದ ಎಂಟಾರ್ ದಿನವಿಡೀ ಎಚ್ಚರವಿರುವುದಿಲ್ಲ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸಂಜೆ ಏಳೂವರೆಗೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನುವವರಿಗೆ ನಡುವಿನ ಹನ್ನೆರಡು ಗಂಟೆಯಲ್ಲಿ ಕೋಶಗಳ ಶುದ್ಧೀಕರಣಕ್ಕೆ ಸಮಯ ಸಿಕ್ಕೇ ಸಿಗುತ್ತದೆ. ಕಟ್ಟುವುದೂ ಬೇಕು, ಕಳಚುವುದೂ ಬೇಕು. ಅವೆರಡಕ್ಕೂ ದಿನದಲ್ಲಿ ಜಾಗವಿದೆ.

ಭಾಸಿನ್ ಅವರ ಪ್ರಯೋಗ ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಅಲ್ಲಿ 0.8ರ ಗುಂಪಿಗೂ ಸಾಕಷ್ಟು ಕ್ಯಾಲೊರಿಯುಳ್ಳ, ಒಳ್ಳೆಯ ಪ್ರೋಟೀನಿನ ಊಟವನ್ನು ತೂಗಿ ಮನೆಗೆ ತಲಪಿಸಿದ್ದರು. ನಿಜಕ್ಕೂ 0.8 ದಕ್ಕಿದವರಿಗೆ, ವ್ಯಾಯಾಮವಿಲ್ಲದೆ, 1.3ರಿಂದ ಹೆಚ್ಚಿನ ಲಾಭವಿಲ್ಲ ಎಂಬುದು ಅದರ ತೀರ್ಪು, ಅದನ್ನು ಒಪ್ಪುತ್ತೇನೆ. ನಮ್ಮ ಆ ಮಹಿಳೆ ನಿಂತಿರುವುದು 0.65ರಲ್ಲಿ. ಅದೂ ಬಹುಪಾಲು ಧಾನ್ಯದ ಪ್ರೋಟೀನ್, ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ ಇರುವಂಥದ್ದು. ತಿಂದದ್ದೆಲ್ಲ ಮೈಗೆ ಸೇರುವುದೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಅವರ ತಂಡ, ಗುರುತಿಟ್ಟ ಐಸೊಟೋಪುಗಳನ್ನು ಬಳಸಿ ಯಾವ ಆಹಾರದ ಪ್ರೋಟೀನ್ ಎಷ್ಟು ಜೀರ್ಣವಾಗುತ್ತದೆ ಎಂದು ಮನುಷ್ಯರಲ್ಲೇ ಅಳೆದಿದೆ. ಮೊಟ್ಟೆ, ಕೋಳಿಮಾಂಸದ ಪ್ರೋಟೀನ್ ಶೇ 85ಕ್ಕೂ ಮೀರಿ ಜೀರ್ಣವಾದರೆ ಕಡಲೆ, ಹೆಸರುಕಾಳುಗಳದ್ದು ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ. ಹೆಸರುಕಾಳಿನ ಸಿಪ್ಪೆ ತೆಗೆದಾಗ ಪ್ರಮಾಣ ಏರಿತು. ಸಸ್ಯಾಹಾರಿ ಹಿರಿಯರಿಗೆ ಇಡೀ ಕಾಳಿಗಿಂತ ಹೆಸರುಬೇಳೆ ತೊವ್ವೆ ಮೇಲು ಎನ್ನಲು ಇದು ಆಧಾರ, ಹಲ್ಲಿಗೂ ಅದೇ ಅನುಕೂಲ. ಫಿಯಾಟರೋನ್ ಅವರ ಪಾಠವನ್ನಂತೂ ತಕರಾರಿಲ್ಲದೆ ಸ್ವೀಕರಿಸಬೇಕು. ಸ್ನಾಯುವನ್ನು ದುಡಿಸದೆ ಪ್ರೋಟೀನನ್ನಷ್ಟೇ ಕೊಟ್ಟರೆ ಬಲ ಬರುವುದಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಮೆಟ್ಟಿಲು ಹತ್ತುವುದು, ನೀರಿನ ಬಾಟಲಿ ಹಿಡಿದು ತೋಳೆತ್ತುವುದು ಊಟದಷ್ಟೇ ಕಡ್ಡಾಯ. ಬೆಳಗಿನ ವಾಕಿಂಗ್ ಹೃದಯಕ್ಕೆ ಒಳ್ಳೆಯದು, ತೊಡೆಯ ಬಲಕ್ಕೆ ಅದೊಂದೇ ಸಾಲದು.

ಕಿಡ್ನಿಯ ಆತಂಕಕ್ಕೆ ಪ್ರಾಟ್-ಏಜ್ ಗುಂಪೇ ಗೆರೆ ಎಳೆದಿದೆ. ರಕ್ತದ ಕ್ರಿಯಾಟಿನಿನ್ ಆಧರಿಸಿ ಲೆಕ್ಕ ಹಾಕುವ, ಕಿಡ್ನಿ ರಕ್ತ ಸೋಸುವ ಪ್ರಮಾಣ (ಇಜಿಎಫ್‌ಆರ್) 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇನ್ನೂ ಶುರುವಾಗದವರು ಪ್ರೋಟೀನ್ ಮಿತಿಯಲ್ಲಿಡಬೇಕು. 30ರಿಂದ 60ರ ನಡುವಿನವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅಂದಮೇಲೆ ಹೆಚ್ಚಿಸುವ ಮುನ್ನ ಒಂದು ರಕ್ತಪರೀಕ್ಷೆ ಆಗಲೇಬೇಕು. ಪುಡಿಯ ವಿಷಯದಲ್ಲಿ ವಿರೋಧಿಗಳ ಜೊತೆ ನನಗೆ ಜಗಳವಿಲ್ಲ. ಬಾಯಲ್ಲಿ ಊಟ ಇಳಿಯದ ರೋಗಿಗೆ ವೈದ್ಯರು ಬರೆದುಕೊಟ್ಟರೆ ಬೇರೆ ಮಾತು, ಉಳಿದವರಿಗೆ ಅಡುಗೆಮನೆ ಸಾಕು. ಆ 36 ಗ್ರಾಂ ಊಟಕ್ಕೆ ದಿನಕ್ಕೆ ಮೂವತ್ತು ಗ್ರಾಂ ಬೇಳೆ, ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಸೇರಿಸಿದರೆ 60 ಗ್ರಾಂ ಆಗುತ್ತದೆ, ಕಿಲೋಗೆ 1.1. ಮೊಟ್ಟೆ ತಿನ್ನದವರು ಅದರ ಬದಲು ಒಂದು ಬಟ್ಟಲು ಗಟ್ಟಿ ಮೊಸರು ತಿನ್ನಬಹುದು. ಸೇರಿಸುವುದನ್ನು ಆದಷ್ಟು ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ಹಂಚಬೇಕು.

ಇದು ಕೈಯಲ್ಲಿ ಕಾಸಿರುವ ಮನೆಯ ಮಾತಾಯಿತು. ಕರ್ನಾಟಕದಲ್ಲಿ 2011ರ ಜನಗಣತಿಯ ಹೊತ್ತಿಗೇ ನೂರಕ್ಕೆ ಒಂಬತ್ತೂವರೆ ಮಂದಿ 60 ದಾಟಿದ್ದರು. ಅವರಲ್ಲಿ ಮಾಸಾಶನ ಮತ್ತು ಪಡಿತರದ ಮೇಲೆ ಬದುಕುವ ಒಂಟಿ ಜೀವಗಳ ತಟ್ಟೆಯನ್ನು ಹೆಚ್ಚಾಗಿ ತುಂಬುವುದು ಅಕ್ಕಿ. ಶಾಲೆಯ ಮಕ್ಕಳಿಗೆ ಹಾಲು, ಮೊಟ್ಟೆ ಕೊಡಬೇಕೆಂದು ಒಪ್ಪಿದ ಸರ್ಕಾರ, ವೃದ್ಧರ ಪಡಿತರ ಚೀಟಿಗೆ ತಿಂಗಳಿಗೆ ತಲೆಗೆ ಎರಡು ಕಿಲೋ ಬೇಳೆಯನ್ನಾದರೂ ಖಾತ್ರಿಪಡಿಸಬೇಕು. ದಿನಕ್ಕೆ ಅರವತ್ತೈದು ಗ್ರಾಂ ಬೇಳೆ ಎಂದರೆ ಹದಿಮೂರು-ಹದಿನಾಲ್ಕು ಗ್ರಾಂ ಪ್ರೋಟೀನ್.