ಹೈದರಾಬಾದ್ ಹೌಸಿನ ಇಟ್ಟಿಗೆ ಯಾರದು?



ಡೆಹರಾಡೂನಿನಲ್ಲಿ ಡೂನ್ ಸ್ಕೂಲ್ ಅಂತ ಒಂದು ಶಾಲೆ ಇದೆ. ಅದನ್ನು ಕಟ್ಟಲಿಕ್ಕೆ ನಮ್ಮ ಮುತ್ಯಾಗಳೂ ದುಡ್ಡು ಕೊಟ್ಟಿದ್ದಾರೆ ಅಂದರೆ ನಂಬುತ್ತೀರೇನು? ಅಲ್ಲಿ ಹುಡುಗರು ಉಳಿಯುವ ಹೌಸುಗಳ ಹೆಸರು ಕೇಳಿರಿ: ಹೈದರಾಬಾದ್, ಕಾಶ್ಮೀರ್, ಜೈಪುರ್, ಟಾಟಾ, ಒಬೆರಾಯ್. ದಾನ ಕೊಟ್ಟವರ ಹೆಸರನ್ನೇ ಇಟ್ಟಿದ್ದಾರೆ. ಹೈದರಾಬಾದಿನ ದಾನಿ ಅಂದರೆ ನಿಜಾಮ. 1948ರ ತನಕ ಬೀದರ, ಕಲಬುರ್ಗಿ, ರಾಯಚೂರು ಅವನ ಕೈಯಲ್ಲೇ ಇದ್ದವು. ಅವನೇನು ನೇಗಿಲು ಹಿಡಿದಿದ್ದನೆ? ಖಜಾನೆ ತುಂಬಿದ್ದರಲ್ಲಿ ಜೋಳ, ತೊಗರಿ ಮಾರಿ ನಮ್ಮವರು ಕಟ್ಟಿದ ಕಂದಾಯವೂ ಇತ್ತು. ದಾನಿಗಳ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ಅಷ್ಟೆ.

ಕಲ್ಕತ್ತೆಯ ವಕೀಲ, ವೈಸರಾಯ್ ಕೌನ್ಸಿಲಿನ ಸದಸ್ಯ ಎಸ್. ಆರ್. ದಾಸ್ ಎಂಬವರು ಇಂಗ್ಲೆಂಡಿನ ಶ್ರೀಮಂತರ ಶಾಲೆಗಳ ಮಾದರಿಯಲ್ಲಿ ಇದನ್ನು ಕಟ್ಟಲು ಹೊರಟು, ರಾಜರ ಹತ್ತಿರ, ಧನಿಕರ ಹತ್ತಿರ ಹಣ ಕೂಡಿಸಿದರು. 1928ರಲ್ಲಿ ತೀರಿಕೊಂಡರು. 1935ರಲ್ಲಿ 70 ಹುಡುಗರೊಂದಿಗೆ ಶಾಲೆ ಶುರುವಾಯಿತು. ಮೊದಲ ಹೆಡ್‌ಮಾಸ್ತರ್ ಆರ್ಥರ್ ಫುಟ್ ಇಂಗ್ಲೆಂಡಿನ ಈಟನ್ ಶಾಲೆಯಿಂದ ಬಂದವರು. ಸುಮಾರು 70 ಎಕರೆಯ ಆ ಜಾಗದಲ್ಲಿ ಮೊದಲು ಸರ್ಕಾರದ ಅರಣ್ಯ ಸಂಶೋಧನಾ ಸಂಸ್ಥೆ ಇತ್ತು.

ಶಾಲೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹುಡುಗರು ಗುಡ್ಡ ಹತ್ತುತ್ತಾರೆ, ಹಳ್ಳಿಗೆ ಹೋಗಿ ಸೇವೆಯನ್ನೂ ಮಾಡುತ್ತಾರಂತೆ. ಅಲ್ಲಿ ಓದಿದ ಕಮಲನಾಥ್ 2008ರಲ್ಲಿ ವಾಣಿಜ್ಯ ಮಂತ್ರಿಯಾಗಿ ಜಿನೀವಾದ ಮಾತುಕತೆಯಲ್ಲಿ ನಮ್ಮ ರೈತರನ್ನು ಬಿಟ್ಟುಕೊಡಲಿಲ್ಲ. ಅದನ್ನು ಒಪ್ಪಲೇಬೇಕು. ಆದರೆ ಈಗ ಫೀಜಿನ ಲೆಕ್ಕ ಹಾಕೋಣ. ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಹತ್ತೇ ಲಕ್ಷ ಹಿಡಿಯಿರಿ. 2025–26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000. ಅಂದರೆ ಒಬ್ಬ ಹುಡುಗನ ಒಂದು ವರ್ಷಕ್ಕೆ 125 ಕ್ವಿಂಟಾಲ್ ತೊಗರಿ. ಎಕರೆಗೆ ನಾಲ್ಕು ಕ್ವಿಂಟಾಲ್ ಬಂದರೂ 31 ಎಕರೆ ಹೊಲದ ಬೆಳೆ. ಬೀಜ, ಗೊಬ್ಬರ, ಆಳಿನ ಕೂಲಿ ಕಳೆಯದೆ! ಬೆಂಬಲ ಬೆಲೆ ನಮ್ಮ ಕೈಗೆ ಸಿಕ್ಕರೆ ಈ ಮಾತು. ಅಡತಿ ಅಂಗಡಿಯ ರೇಟು ನಿಮಗೇ ಗೊತ್ತು.

ಇನ್ನೊಂದು ಕೇಳಿರಿ. ಶಿಕ್ಷಣ ಅಂತ ಶಾಲೆಯ ಫೀಜಿಗೆ ಜಿಎಸ್‌ಟಿ ಇಲ್ಲ, ಅದು ಹತ್ತು ಲಕ್ಷದ ಫೀಜಾದರೂ ಸರಿ. ನಾವು ತೊಗರಿ ಕಾಯಿಕೊರಕಕ್ಕೆ ಹೊಡೆಯುವ ರಾಸಾಯನಿಕ ಔಷಧಕ್ಕೆ ನೂರಕ್ಕೆ 18 ತೆರಿಗೆ. ಧರ್ಮ ಯಾವುದು, ವ್ಯಾಪಾರ ಯಾವುದು, ದಿಲ್ಲಿಯವರೇ ಹೇಳಲಿ.

ದಿಲ್ಲಿಯಲ್ಲಿ ಕೂತವರು ಯಾರು? ರಾಜೀವ್ ಗಾಂಧಿ ಈ ಶಾಲೆಯವರು. ಅವರು 1984ರಿಂದ 1989ರ ತನಕ ಪ್ರಧಾನಿಯಾಗಿದ್ದಾಗ ಶಾಲೆಯ ಗೆಳೆಯ ಅರುಣ್ ಸಿಂಗ್ ಮಂತ್ರಿಯಾದರು. ಸುತ್ತ ಇದ್ದವರನ್ನು ಪತ್ರಿಕೆಗಳು ಡೂನ್ ಗುಂಪು ಎಂದೇ ಕರೆದವು. ನವೀನ್ ಪಟ್ನಾಯಕ್ ಒಡಿಶಾವನ್ನು 2000ದಿಂದ 2024ರ ತನಕ ಆಳಿದರು. ಪಂಜಾಬನ್ನು ಎರಡು ಸಲ ಆಳಿದ ಅಮರಿಂದರ್ ಸಿಂಗರೂ ಅಲ್ಲಿಯವರೇ. ಈ ಪಟ್ಟಿ ನೋಡಿದ ಮೇಲೆ ನನಗೆ ತಿಳಿದದ್ದು ಇದು: ಹತ್ತು ಲಕ್ಷಕ್ಕೆ ಅಲ್ಲಿ ಸಿಗುವುದು ಇಂಗ್ಲಿಷ್ ಮಾತ್ರ ಅಲ್ಲ. ಪಕ್ಕದ ಬೆಂಚಿನ ಹುಡುಗ ಸಿಗುತ್ತಾನೆ. ಅವನ ಅಪ್ಪ ಮಂತ್ರಿಯೋ, ಮಿಲ್ಲಿನ ಮಾಲೀಕನೋ ಆಗಿರುತ್ತಾನೆ.

ಇದು ತಿಳಿಯದೆ ನಾವು ಏನು ಮಾಡುತ್ತಿದ್ದೇವೆ? ನಮ್ಮ ಭಾವ ಮೂರು ತೊಲೆ ಬಂಗಾರ ಅಡವಿಟ್ಟು ಮಗನನ್ನು ತಾಲೂಕಿನ ಒಂದು ಕಾನ್ವೆಂಟಿಗೆ ಹಾಕಿದ. ಡೊನೇಷನ್ನಿಗೆ ರಶೀದಿ ಕೊಡಲಿಲ್ಲ. ತೊಗರಿ ಒಣಗಿದ ವರ್ಷ ಫೀಜು ಬಾಕಿ ಉಳಿಯಿತು. ಟಿಸಿ ಕೊಡಲಿಲ್ಲ, ಹುಡುಗನ ಒಂದು ವರ್ಷ ಹಾಳಾಯಿತು. ಬಂಗಾರ ಹೋಯಿತು, ಉಳಿದದ್ದು ಟೈ ಮತ್ತು ಬೂಟು. ಪಕ್ಕದ ಬೆಂಚಿನಲ್ಲಿ ಕೂತವನೂ ಅಡವಿಟ್ಟವನ ಮಗನೇ ಆಗಿದ್ದ!

ಅಡವಿಡುವ ಮೊದಲು ನಮ್ಮ ಊರ ಸರ್ಕಾರಿ ಹೈಸ್ಕೂಲಿಗೆ ಹೋಗಿ ನೋಡಿರಿ. ಎರಡು ವರ್ಷದಿಂದ ಗಣಿತದ ಮಾಸ್ತರ್ ಇಲ್ಲ, ಎರಡು ಕೋಣೆ ಸೋರುತ್ತವೆ. ಕಂದಾಯ ಕೊಟ್ಟವರ ಮೊಮ್ಮಕ್ಕಳು ಕೂರುವುದು ಅಲ್ಲೇ. ಬರುವ ಸೋಮವಾರ ಬಿಇಓ ಆಫೀಸಿನ ಮುಂದೆ ಕೂರುತ್ತೇವೆ, ಮಾಸ್ತರ್ ನೇಮಕದ ಆದೇಶ ಕೈಗೆ ಬರುವ ತನಕ ಏಳುವುದಿಲ್ಲ. ಬುತ್ತಿ ಕಟ್ಟಿಕೊಂಡು ಬನ್ನಿರಿ. ಮುಂಜಾನೆ ಎಂಟಕ್ಕೆ ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಹತ್ತಿರ ಸೇರೋಣ.