ಪರಿಪೂರ್ಣತೆಯ ಗೀಳು: ಉದ್ಯಮಿ ಕಡೆಗಣಿಸಬಾರದ ನಷ್ಟ

ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳದವನೇ ಉತ್ತಮ ಉದ್ಯಮಿ ಎಂಬ ಮಾತು ವ್ಯಾಪಾರಿ ವಲಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮಾತು ಸರಿಯಾದುದೇ. ಆದರೆ ಗುಣಮಟ್ಟದ ನಿಷ್ಠೆಗೂ ಪರಿಪೂರ್ಣತೆಯ ಗೀಳಿಗೂ ಇರುವ ಅಂತರವನ್ನು ಗುರುತಿಸದೆ ಹೋದರೆ, ಲಾಭ ತರಬೇಕಾದ ಗುಣವೇ ನಷ್ಟದ ಬಾಬತ್ತಾಗುತ್ತದೆ. ಈ ಗೀಳಿಗೆ ಮನಶ್ಶಾಸ್ತ್ರದಲ್ಲಿ ಕ್ರಮಬದ್ಧವಾದ ಚಿಕಿತ್ಸೆಯಿದೆ. ಅದನ್ನು ಪಡೆಯಲು ಉದ್ಯಮಿಗಳು ಸಂಕೋಚಪಡಬೇಕಾದ ಕಾರಣವಿಲ್ಲ.

ಶ್ರದ್ಧೆಯ ವೇಷದಲ್ಲಿ

ಕೊಟೇಶನ್ ಸಿದ್ಧವಾಗಿದ್ದರೂ ಇನ್ನೊಮ್ಮೆ ನೋಡಿ ಕಳುಹಿಸೋಣವೆಂದು ನಾಲ್ಕು ದಿನ ಮೇಜಿನ ಮೇಲೆಯೇ ಉಳಿಯುತ್ತದೆ. ಅಷ್ಟರಲ್ಲಿ ಆರ್ಡರು ಬೇರೆಯವರ ಪಾಲಾಗಿರುತ್ತದೆ. ಗುಮಾಸ್ತ ಕೂಡಿಸಿದ ಬಿಲ್ಲನ್ನು ಮಾಲೀಕ ಮತ್ತೆ ಕೂಡಿಸುತ್ತಾನೆ, ರಾತ್ರಿ ಮನೆಯಲ್ಲಿ ಕುಳಿತು ಮಗದೊಮ್ಮೆ ಕೂಡಿಸುತ್ತಾನೆ. ನುರಿತ ಕೆಲಸಗಾರನಿಗೂ ಕೆಲಸ ಒಪ್ಪಿಸಲು ಮನಸ್ಸು ಬಾರದು. ವರ್ಷವಿಡೀ ಸರಕು ಸರಿಯಾಗಿ ತಲುಪಿದ್ದರೂ ವಾಪಸು ಬಂದ ಒಂದು ಲೋಡು ತಿಂಗಳುಗಟ್ಟಲೆ ನಿದ್ದೆ ಕೆಡಿಸುತ್ತದೆ. ಹೊರನೋಟಕ್ಕೆ ಇದೆಲ್ಲವೂ ಶ್ರದ್ಧೆಯಂತೆ ಕಾಣುವುದರಿಂದ ಮನೆಯವರೂ ಸಿಬ್ಬಂದಿಯೂ ಹೊಗಳುತ್ತಾರೆಯೇ ಹೊರತು ಪ್ರಶ್ನಿಸುವುದಿಲ್ಲ.

ಇಂಗ್ಲೆಂಡಿನ ಸಂಶೋಧಕರಾದ ರೋಜ್ ಶಫ್ರಾನ್, ಜಾಫ್ರಾ ಕೂಪರ್ ಮತ್ತು ಕ್ರಿಸ್ಟೋಫರ್ ಫೇರ್‌ಬರ್ನ್ 2002ರಲ್ಲಿ ಈ ಸ್ಥಿತಿಯನ್ನು ಸ್ಪಷ್ಟವಾಗಿ ನಿರೂಪಿಸಿದರು. ಅವರ ಪ್ರಕಾರ, ತಾನೇ ವಿಧಿಸಿಕೊಂಡ ಕಠಿಣ ಮಟ್ಟವನ್ನು ಮುಟ್ಟಿದೆನೋ ಇಲ್ಲವೋ ಎಂಬುದರ ಮೇಲೆಯೇ ವ್ಯಕ್ತಿ ತನ್ನ ಯೋಗ್ಯತೆಯನ್ನು ಅತಿಯಾಗಿ ಅಳೆಯತೊಡಗುತ್ತಾನೆ. ಅದರಿಂದ ಹಾನಿಯಾಗುತ್ತಿದ್ದರೂ ಬಿಡಲಾರ. ಮಟ್ಟ ಮುಟ್ಟಿದರೆ ತೃಪ್ತಿಯಿಲ್ಲ, ಗುರಿಯೇ ಚಿಕ್ಕದಿತ್ತೆಂದು ಅದನ್ನು ಮತ್ತೆ ಎತ್ತರಿಸುತ್ತಾನೆ. ಇದು ತಾನಾಗಿ ಒಂದು ರೋಗವೆಂದು ವರ್ಗೀಕೃತವಾಗಿಲ್ಲ. ಆದರೆ ಖಿನ್ನತೆ, ಆತಂಕ ಮುಂತಾದ ತೊಂದರೆಗಳೊಂದಿಗೆ ಇದರ ಸಂಬಂಧ ನಿಕಟವಾದುದು.

ಉದ್ಯಮಕ್ಕೆ ತಿಳಿದಿರುವ ಅಳತೆ

ಉದ್ಯಮರಂಗವು ಪರಿಪೂರ್ಣತೆಯನ್ನು ಎಂದೂ ಬೇಡಿಲ್ಲ ಎಂಬುದು ಇಲ್ಲಿ ಗಮನಾರ್ಹ. ಪೀಣ್ಯದ ಯಾವುದೇ ಲೇತ್ ಶೆಡ್ಡಿಗೆ ಬರುವ ಡ್ರಾಯಿಂಗಿನಲ್ಲಿ ಶಾಫ್ಟಿನ ಅಳತೆಯ ಜೊತೆಗೇ ಎಷ್ಟು ಹೆಚ್ಚು-ಕಡಿಮೆ ನಡೆಯುತ್ತದೆ ಎಂಬ ಟಾಲರೆನ್ಸ್ ಸಹ ನಮೂದಾಗಿರುತ್ತದೆ. ಆ ಮಿತಿಯೊಳಗಿನ ಮಾಲನ್ನು ಇನ್ನೂ ಉಜ್ಜುತ್ತ ಕುಳಿತವನಿಗೆ ಗ್ರಾಹಕ ಹೆಚ್ಚಿಗೆ ಬೆಲೆ ಕೊಡುವುದಿಲ್ಲ. ಲೆಕ್ಕಪರಿಶೋಧಕನೂ ಲೆಕ್ಕಪತ್ರಗಳು ‘ಸತ್ಯ ಮತ್ತು ನ್ಯಾಯೋಚಿತ’ ಚಿತ್ರಣ ನೀಡುತ್ತವೆಯೇ ಎಂದು ಅಭಿಪ್ರಾಯ ಕೊಡುತ್ತಾನೆಯೇ ವಿನಾ ಪ್ರತಿ ಪೈಸೆಯೂ ಸರಿಯೆಂದು ಪ್ರಮಾಣೀಕರಿಸುವುದಿಲ್ಲ. ಯಾವ ವ್ಯತ್ಯಾಸ ಗಣನೀಯ, ಯಾವುದು ಅಲ್ಲ ಎಂಬ ವಿವೇಚನೆಯೇ ಆ ವೃತ್ತಿಯ ತಳಹದಿ.

ತೆರಿಗೆ ಕಾನೂನಿನ ಧೋರಣೆಯೂ ಹೀಗೆಯೇ. ಜಿಎಸ್‌ಟಿಆರ್-1ರಲ್ಲಿ ತಪ್ಪಾಗಿ ನಮೂದಾದ ಬಿಲ್ಲನ್ನು ನಂತರದ ತಿಂಗಳ ವಿವರಪಟ್ಟಿಯಲ್ಲಿ ತಿದ್ದಬಹುದು. ಆರ್ಥಿಕ ವರ್ಷ ಮುಗಿದ ಬಳಿಕ ಬರುವ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿಯ ಸಲ್ಲಿಕೆ, ಇವುಗಳಲ್ಲಿ ಮೊದಲು ಬರುವ ದಿನದವರೆಗೆ ಆ ಅವಕಾಶವಿದೆ. ಆದರೆ ‘ಎಲ್ಲವೂ ತಾಳೆಯಾಗಲಿ’ ಎಂದು ಕಾದು ತೆರಿಗೆ ಪಾವತಿಯನ್ನು ತಡಮಾಡಿದರೆ ಶೇ. 18ರ ಬಡ್ಡಿ, ಜೊತೆಗೆ ದಿನಲೆಕ್ಕದ ವಿಳಂಬ ಶುಲ್ಕ. ಬಿಲ್ಲು ಸಕಾಲದಲ್ಲಿ ಕಾಣಿಸಿಕೊಳ್ಳದಿದ್ದರೆ ಖರೀದಿದಾರನ ತೆರಿಗೆ ಜಮೆಯೂ ತಡೆಯಲ್ಪಟ್ಟು ವ್ಯವಹಾರ ಸಂಬಂಧವೇ ಕೆಡುತ್ತದೆ. ಸದುದ್ದೇಶದ ತಪ್ಪಿಗೆ ತಿದ್ದುಪಡಿ, ವಿಳಂಬಕ್ಕೆ ದಂಡ ಎಂಬುದೇ ಕಾನೂನಿನ ಸಾರ. ಗೀಳಿಗೆ ಒಳಗಾದ ಉದ್ಯಮಿ ಸರಕಿಗೂ ಲೆಕ್ಕಕ್ಕೂ ಒಪ್ಪುವ ಟಾಲರೆನ್ಸನ್ನು ತನಗೆ ಮಾತ್ರ ನಿರಾಕರಿಸಿಕೊಳ್ಳುತ್ತಾನೆ.

ಚಿಕಿತ್ಸೆಯ ಕ್ರಮ

ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ, ಈ ಗೀಳಿಗೆ ಬಳಕೆಯಲ್ಲಿರುವ ಪ್ರಮುಖ ವಿಧಾನ. ಇದು ಬಾಲ್ಯದ ಕಥೆಯನ್ನು ವರ್ಷಗಟ್ಟಲೆ ಕೆದಕುವ ಕ್ರಮವಲ್ಲ; ವಾರಕ್ಕೊಮ್ಮೆಯಂತೆ ಸೀಮಿತ ಸಂಖ್ಯೆಯ ಭೇಟಿಗಳಲ್ಲಿ ನಡೆಯುತ್ತದೆ. ಮೊದಲು ವ್ಯಕ್ತಿ ತನ್ನ ನಡವಳಿಕೆಗೆ ದಿನಚರಿ ಇಡಬೇಕು: ಯಾವುದನ್ನು ಎಷ್ಟು ಬಾರಿ ಪರೀಕ್ಷಿಸಿದೆ, ಯಾವುದನ್ನು ಮುಂದೂಡಿದೆ, ಆಗ ಮನಸ್ಸಿನಲ್ಲಿ ಬಂದ ಭಯವೇನು. ಅನಂತರ ಸಣ್ಣ ಪ್ರಯೋಗಗಳು. ಉದಾಹರಣೆಗೆ, ಮೂರು ಬಾರಿ ನೋಡಿ ಕಳುಹಿಸುತ್ತಿದ್ದ ಕೊಟೇಶನ್ ಒಂದೇ ಬಾರಿ ನೋಡಿ ಕಳುಹಿಸುವುದು. ಆಗಬಹುದೆಂದು ಹೆದರಿದ್ದನ್ನು ಮೊದಲೇ ಬರೆದಿಟ್ಟು, ಆದುದರೊಂದಿಗೆ ವಾರದ ನಂತರ ತಾಳೆ ನೋಡುವುದು. ಖಾತೆಕಿರ್ದಿ ಬಲ್ಲವರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಕೊನೆಯದಾಗಿ, ವ್ಯಾಪಾರವೊಂದರ ಮೇಲೆಯೇ ನಿಂತಿದ್ದ ಆತ್ಮಗೌರವವನ್ನು ಕುಟುಂಬ, ಸ್ನೇಹ, ಆರೋಗ್ಯ, ಅಭಿರುಚಿಗಳಿಗೂ ಹಂಚಲು ಕಲಿಸಲಾಗುತ್ತದೆ. ಬಂಡವಾಳವನ್ನೆಲ್ಲ ಒಂದೇ ಸರಕಿನಲ್ಲಿ ಹೂಡಬಾರದೆಂಬ ನೀತಿಯೇ ಇಲ್ಲಿಯೂ ಅನ್ವಯ.

ಹೀಗಾದರೆ ಗುಣಮಟ್ಟ ಕುಸಿಯದೇ ಎಂಬ ಆಕ್ಷೇಪ ಸಹಜ. ಔಷಧ ತಯಾರಿಕೆಯಲ್ಲಾಗಲಿ ಬಾಯ್ಲರಿನ ಬೆಸುಗೆಯಲ್ಲಾಗಲಿ ಸಡಿಲಿಕೆಗೆ ಅವಕಾಶವಿಲ್ಲ, ಚಿಕಿತ್ಸೆ ಅದನ್ನು ಕೇಳುವುದೂ ಇಲ್ಲ. ಅದು ಕೇಳುವುದು ಇಷ್ಟೇ: ಅಗತ್ಯವಿರುವಲ್ಲಿ ಮೂರು ಪರೀಕ್ಷೆ ಇರಲಿ, ಅಗತ್ಯವಿಲ್ಲದಲ್ಲಿ ಒಂದು ಸಾಕು.

ಸಂಘಟನೆಗಳ ಹೊಣೆ

ನೆರವು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬ್ಯಾಂಕಿನವರಿಗೋ ಬೀಗರಿಗೋ ತಿಳಿದೀತೆಂಬ ಅಂಜಿಕೆ ಅನೇಕರನ್ನು ತಡೆಯುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮಾನಸಿಕ ಕಾಯಿಲೆಯುಳ್ಳವರಿಗೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿಯೇ ನೀಡಿದೆ.

ತೆರಿಗೆ, ರಫ್ತು, ಸಬ್ಸಿಡಿಗಳ ಬಗ್ಗೆ ಕಾರ್ಯಾಗಾರ ನಡೆಸುವ ವಾಣಿಜ್ಯ ಸಂಘಗಳು ವರ್ಷಕ್ಕೊಮ್ಮೆಯಾದರೂ ಅರ್ಹ ಮನೋತಜ್ಞರನ್ನು ಕರೆಸಿ ಸದಸ್ಯರೊಡನೆ ಸಂವಾದ ಏರ್ಪಡಿಸುವುದು ಉಚಿತ. ಯಂತ್ರ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆಸಲು ಯಾವ ಮಾಲೀಕನೂ ನಾಚುವುದಿಲ್ಲ. ಸಣ್ಣ ಉದ್ದಿಮೆಯಲ್ಲಿ ಮಾಲೀಕನ ಮನಸ್ಸು ಯಂತ್ರಕ್ಕಿಂತ ಹೆಚ್ಚು ದುಡಿಯುತ್ತದೆ. ಅದರ ದುರಸ್ತಿಯನ್ನು ಮುಂದೂಡುವುದು ವ್ಯವಹಾರ ಜಾಣ್ಮೆಯೆನಿಸದು.