ಬೆಲೆಯೂ ಯೋಗ್ಯತೆಯೂ

ಇಟಲಿಯ ಎರಡು ಹಳೆಯ ಕಾರುಗಳಲ್ಲಿ ಯಾವುದು ಮೇಲೆಂದು ಶಿಷ್ಯನೊಬ್ಬ ಕೇಳಿದ್ದಾನೆ. ನಾನು ಓಡಿಸಿದವನಲ್ಲ, ಓದಿ ಬಲ್ಲವನು.

1966ರ ಲ್ಯಾಂಬೊರ್ಗಿನಿ ಮಿಯುರಾ ತನ್ನ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಇರಿಸಿಕೊಂಡಿತ್ತು. 1968ರ ಫೆರಾರಿ ಡೇಟೋನಾ ಹಳೆಯ ಕ್ರಮದಂತೆ ಅದನ್ನು ಮುಂದೆಯೇ ಉಳಿಸಿಕೊಂಡಿತು. ಮೊದಲ ಮಿಯುರಾಕ್ಕೂ ಡೇಟೋನಾಗೂ ಬಲ ಹೆಚ್ಚುಕಡಿಮೆ ಒಂದೇ, 350 ಅಶ್ವಶಕ್ತಿ. ಆದರೆ ಅತಿವೇಗದಲ್ಲಿ ಮಿಯುರಾದ ಮುಂಭಾಗ ಹಗುರವಾಗಿ ಹಿಡಿತ ಸಡಿಲುತ್ತಿತ್ತು. ಡೇಟೋನಾವಾದರೋ 1971ರಲ್ಲಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯದ ಕಡಲತೀರವನ್ನು 36 ಗಂಟೆಗಳೊಳಗೆ ಮುಟ್ಟಿತು.

ಆದರೂ ಸಂಗ್ರಾಹಕರು ಹೆಚ್ಚು ಹಣ ತೆರುವುದು ಮಿಯುರಾಕ್ಕೆ. ಅದರ ಚೆಲುವು ಅಪೂರ್ವ. ತಯಾರಾದವೂ ಸುಮಾರು 760 ಮಾತ್ರ. ಡೇಟೋನಾ 1,300ಕ್ಕೂ ಹೆಚ್ಚು.

ವಿರಳತೆ ಬೆಲೆಯನ್ನು ಏರಿಸೀತು, ಯೋಗ್ಯತೆಯನ್ನಲ್ಲ. ಕೂಡಿಡುವವರಿಗೆ ಮಿಯುರಾ ಇರಲಿ. ಈ ಮೇಷ್ಟರ ಅಂಕ ದೂರದ ದಾರಿ ಸವೆಸಿದ ಡೇಟೋನಾಗೆ.